ಶಿವಕಾಂತಾ ಅತ್ತೆಯ ಲಿಂಗ

ಕೊಳಕೂರಿನಲ್ಲಿ ಕುಸುಬಿ ಎಣ್ಣೆ ಬೇಕೆಂದರೆ ಜನ ಇವತ್ತಿಗೂ ಶಾಂತಲಿಂಗಪ್ಪನವರ ಗಿರಣಿಗೇ ಹೋಗುತ್ತಾರೆ. ಅಂಗಡಿಗಳಿಗೆ ಪಾಕೀಟು ಎಣ್ಣೆ ಬಂದು ಎಷ್ಟೋ ವರ್ಷವಾದರೂ ಆ ಗಿರಣಿ ನಿಂತಿಲ್ಲ. ಶಾಂತಲಿಂಗಪ್ಪ ನನಗೆ ಮಾಮಾ ಆಗಬೇಕು. ಅವರ ಹೆಂಡತಿ ಶಿವಕಾಂತಾ ನನ್ನ ಅಪ್ಪನ ತಂಗಿ, ಅಫಜಲಪುರ ತಾಲೂಕಿನ ಕರಜಗಿಯ ನಮ್ಮ ಮನೆಯಿಂದ ಜೇವರ್ಗಿ ತಾಲೂಕಿನ ಕೊಳಕೂರಿಗೆ ಕೊಟ್ಟ ಹೆಣ್ಣು. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಆಮೇಲೆ ಮಾಮಾನಿಗೆ ಏನಾಯಿತು ಎಂಬುದನ್ನು ಊರವರು ತಮಗೆ ತೋಚಿದಂತೆ ಹೇಳುತ್ತಾರೆ. ಬುದ್ಧಿ ಕೆಟ್ಟಿತ್ತು ಎನ್ನುವವರಿದ್ದಾರೆ, ಗಾಳಿ ಸೋಕಿತ್ತು ಎನ್ನುವವರೂ ಇದ್ದಾರೆ. ಕೆಲವು ಸಂಗತಿ ನನ್ನ ಕಣ್ಣೆದುರಿಗೇ ನಡೆದವು. ಉಳಿದದ್ದನ್ನು ಮಾಮಾ ತಾವೇ ನನಗೆ ಹೇಳಿದರು.

ಅವರು ಎತ್ತರದ, ಬಡಕಲು ಮೈಯ ಮನುಷ್ಯ. ಎಷ್ಟು ತಿಕ್ಕಿ ತೊಳೆದರೂ ಅವರ ಅಂಗಿಯಿಂದ ಹಿಂಡಿಯ ವಾಸನೆ ಹೋಗುತ್ತಿರಲಿಲ್ಲ. ನಮ್ಮ ಕಡೆ ಒಬ್ಬೊಬ್ಬರಿಗೆ ಒಂದೊಂದರ ಹುಚ್ಚು ಇರುತ್ತದೆ, ಒಬ್ಬರಿಗೆ ಹೊಲ, ಒಬ್ಬರಿಗೆ ಇಲೆಕ್ಷನ್ನು. ಮಾಮಾನಿಗಿದ್ದದ್ದು ಮುಕ್ತಿಯದು. ಅದಕ್ಕೆ ಕಾರಣವಿತ್ತು. ಅವರು ಇನ್ನೂ ಸಣ್ಣವರಿದ್ದಾಗ ಅವರ ತಂದೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಸಾಯಲಾರೆ ಸಾಯಲಾರೆ ಎಂದು ಕೂಗುತ್ತಲೇ ಸತ್ತಿದ್ದರಂತೆ. ಆ ಕೂಗು ಮಾಮಾನ ಕಿವಿಯಿಂದ ಹೋಗಲೇ ಇಲ್ಲ. ಹಾಗೆ ಅಂಜಿ ಸಾಯುವವನು ಮತ್ತೆ ಹುಟ್ಟಿ ಬಂದು ಮತ್ತೆ ಅಂಜಬೇಕಾಗುತ್ತದೆ ಎಂದು ಅವರು ನಂಬಿದ್ದರು. ತಾನು ಹಾಗಾಗಬಾರದು, ಲಿಂಗದಲ್ಲಿ ಬೆರೆತು ಹೋಗಬೇಕು. ಬಾಳಿನ ಗುರಿಯೆಂದರೆ ಅವರಿಗೆ ಅದೊಂದೇ. ಬೆಳಗ್ಗೆ ಸ್ನಾನ ಮಾಡಿ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಕೂತರೆಂದರೆ ಬಿಸಿಲು ಅಂಗಳದಿಂದ ಪಡಸಾಲೆಗೆ ಬರುವ ತನಕ ಏಳುತ್ತಿರಲಿಲ್ಲ. ಪೂಜೆಯಾಗದೆ ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. ಸುತ್ತಲಿನ ಊರುಗಳಲ್ಲಿ ಎಲ್ಲಿ ಪ್ರವಚನವಿದ್ದರೂ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದರು. ಲಿಂಗ ಒಂದು ಕ್ಷಣ ಅಂಗ ಬಿಟ್ಟರೆ ಜೀವ ಬಿಟ್ಟಂತೆ ಎಂಬ ಮಾತನ್ನು ಅವರ ಬಾಯಿಂದ ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ.

ಅತ್ತೆಯ ರೀತಿಯೇ ಬೇರೆ. ಅವಳು ಗೋಡೆಗೆ ಮುಖ ಮಾಡಿ, ಅಂಗೈಯ ಮೇಲೆ ಸೆರಗು ಮುಚ್ಚಿಕೊಂಡು, ಹಂಚಿನ ಮೇಲಿನ ರೊಟ್ಟಿ ಮಗುಚುವಷ್ಟರಲ್ಲಿ ಪೂಜೆ ಮುಗಿಸಿ ಏಳುತ್ತಿದ್ದಳು. ಅವಳ ಲಿಂಗದ ಮೇಲಿನ ಕರಿ ಲೇಪ ಅಲ್ಲಲ್ಲಿ ಒರಟಾಗಿತ್ತು. ಮಠಕ್ಕೆ ಒಯ್ದು ಹೊಸದಾಗಿ ಹಚ್ಚಿಸಿ ತರುತ್ತೇನೆಂದು ಮಾಮಾ ಎಷ್ಟು ಸಲ ಕೇಳಿದರೂ ಕೊಟ್ಟಿರಲಿಲ್ಲ. ಅವಳಿಗೆ ಭಕ್ತಿ ಕಡಿಮೆ ಎಂದು ಮಾಮಾ ಬಂದವರೆದುರು ನಗುತ್ತ ಹೇಳುತ್ತಿದ್ದರು. ಆಗ ಅವಳು ಚಹಾ ಮಾಡಲು ಒಳಗೆ ಹೋಗುತ್ತಿದ್ದಳು.

ಅತ್ತೆಗೆ ಲಕ್ವಾ ಹೊಡೆದದ್ದು ತೊಗರಿ ರಾಶಿಯ ಕಾಲದಲ್ಲಿ. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ಸ್ಕ್ಯಾನ್ ಮಾಡುವ ಮೊದಲು ಮೈಮೇಲಿನದ್ದೆಲ್ಲ ತೆಗೆಯಬೇಕೆಂದು ನರ್ಸ್ ಹೇಳಿದಾಗ ಮಾಮಾನೇ ಜಗಳಕ್ಕೆ ನಿಂತರು. ಅತ್ತೆ ಜಗಳವಾಡಲಿಲ್ಲ. ಸ್ವಾಧೀನವಿದ್ದ ಕೈಯಿಂದ ತಾನೇ ಕೊರಳಿನ ಶಿವದಾರ ತೆಗೆದು ಮಾಮಾನ ಕೈಗೆ ಕೊಟ್ಟಳು. ಮರಳಿ ಕೇಳಲೂ ಇಲ್ಲ. ಅದು ಮಾಮಾನ ಮನಸ್ಸಿಗೆ ಚುಚ್ಚಿತು. ವಾರ್ಡಿನಲ್ಲಿ ಕಳ್ಳತನವಾಗುತ್ತದೆಂದು ಲಿಂಗ ಇಡುವ ಬೆಳ್ಳಿಯ ಕರಡಿಗೆಗಳೆರಡನ್ನೂ ಮಗ ಮಹೇಶಕುಮಾರ ಊರಿಗೆ ಒಯ್ದಿದ್ದ. ಹಾಗಾಗಿ ಮಾಮಾ ಎರಡು ಲಿಂಗಗಳನ್ನೂ ಬಿಳಿ ವಸ್ತ್ರದ ಚೂರುಗಳಲ್ಲಿ ಸುತ್ತಿ, ತಮ್ಮ ಕೊರಳಿಗೇ ಕಟ್ಟಿಕೊಂಡು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ದಿನ ಕಳೆದರು. ಮೂರನೆಯ ವಾರ ಅತ್ತೆ ಹೋದಳು. ಆ ಹೊತ್ತಿಗೆ ಅವರನ್ನು ಒಳಗೆ ಬಿಟ್ಟಿರಲಿಲ್ಲ.

ಮಣ್ಣು ಕೊಟ್ಟದ್ದು ಅವರ ಹೊಲದಲ್ಲೇ. ಅಪ್ಪ, ನಾನು, ನಮ್ಮ ಮನೆಯವರೆಲ್ಲ ಹೋಗಿದ್ದೆವು. ಊರಿನಲ್ಲಿ ಕುಣಿ ಅಗೆಯುವ ಸರ್ದಾರ ಎಂಬವನು ಎರೆಮಣ್ಣಿನಲ್ಲಿ ಕುಣಿ ತೋಡಿ, ಒಳಗೆ ಗೂಡು ಕೊರೆದಿದ್ದ. ವಿಭೂತಿ ಬಳಿದು, ಹೂವು ಮುಡಿಸಿ ಅತ್ತೆಯನ್ನು ಪದ್ಮಾಸನದಲ್ಲಿ ಕೂರಿಸಿದರು. ಕ್ರಿಯೆ ನಡೆಸುತ್ತಿದ್ದ ಮುರಿಗಯ್ಯನೋರು ಲಿಂಗ ಕೊಡು ಎಂದು ಮೇಲೆ ಕೈ ಚಾಚಿದಾಗ, ಕುಣಿಯ ಅಂಚಿನಲ್ಲಿ ನಿಂತಿದ್ದ ಮಾಮಾ ಕಣ್ಣು ಒರೆಸಿಕೊಳ್ಳುತ್ತ ಕೊರಳಿಗೆ ಕೈ ಹಾಕಿ ಒಂದು ಗಂಟನ್ನು ಬಿಚ್ಚಿ ಕೊಟ್ಟರು. ಅಯ್ಯನೋರು ಅದನ್ನು ಅತ್ತೆಯ ಎಡಗೈಯಲ್ಲಿಟ್ಟು, ಬೆರಳು ಮಡಚಿ, ಪತ್ರಿ ಏರಿಸಿ, ಉಪ್ಪು ಸುರಿಸಿದರು. ಮೇಲೆ ಮಣ್ಣು ಬಿತ್ತು.

ಮರುದಿನ ಬೆಳಗ್ಗೆ ಮಾಮಾ ಎಂದಿನಂತೆ ಸ್ನಾನ ಮಾಡಿ ದೇವರ ಕೋಣೆಯಲ್ಲಿ ಕೂತು ವಸ್ತ್ರ ಬಿಚ್ಚಿದರು. ಕೈಗೆ ಬಂದದ್ದು ಅವರ ಲಿಂಗವಲ್ಲ. ಅದನ್ನು ಕಣ್ಣಿನಿಂದ ನೋಡುವ ಮೊದಲೇ ಅಂಗೈಗೆ ಗೊತ್ತಾಯಿತಂತೆ. ಅವರದು ತೂಕದ್ದು, ನಯವಾದದ್ದು. ಇದು ಹಗುರ, ಒಂದು ಬದಿಗೆ ತುಸು ಚಪ್ಪಟೆ, ಲೇಪ ಒರಟು. ಅತ್ತೆಯದು. ಹುಟ್ಟಿದಾಗ ಗುರು ಕಟ್ಟಿದ ಅವರ ಸ್ವಂತ ಲಿಂಗ ಹೊಲದಲ್ಲಿ, ಅತ್ತೆಯ ಮಡಚಿದ ಬೆರಳುಗಳ ಒಳಗೆ ಇತ್ತು.

ಅವರು ಯಾರಿಗೂ ಹೇಳಲಿಲ್ಲ. ಅದನ್ನು ಹಾಗೆಯೇ ಸುತ್ತಿ ಕಟ್ಟಿಕೊಂಡು ಎದ್ದರು. ಪೂಜೆಯಾಗಿರಲಿಲ್ಲ, ಆದ್ದರಿಂದ ನೀರೂ ಕುಡಿಯಲಿಲ್ಲ. ಸಂಜೆ ಹೊತ್ತಿಗೆ ಕಣ್ಣು ಕತ್ತಲೆ ಬಂದು ಗಿರಣಿಯ ಚೀಲಗಳ ಮೇಲೆ ಕುಸಿದಾಗ ಸೊಸೆ ಐಶ್ವರ್ಯಾ ಒತ್ತಾಯದಿಂದ ಮಜ್ಜಿಗೆ ಕುಡಿಸಿದಳು. ನೇಮ ಮುರಿಯಿತು. ಮರುದಿನದಿಂದ ಅವರು ಅತ್ತೆಯ ಲಿಂಗವನ್ನೇ ಕೈಯಲ್ಲಿಟ್ಟುಕೊಂಡು ಪೂಜೆಗೆ ಕೂತರು. ಆಗಲೇ ಅದು ಶುರುವಾದದ್ದು.

ಕಾಲು ಮಡಚಿ ಕೂತು ಕಣ್ಣು ಮುಚ್ಚಿದರೆ ಎರಡೂ ಬದಿಗೆ ಮಣ್ಣಿನ ಗೋಡೆ ಬಂದು ನಿಲ್ಲುತ್ತಿತ್ತು. ಭುಜಕ್ಕೆ ತಂಪು ತಾಗುತ್ತಿತ್ತು. ಹಸಿ ಎರೆಮಣ್ಣಿನ ವಾಸನೆ ಮೂಗಿಗೆ ಅಡರಿ ಎದೆಯ ಮೇಲೆ ಭಾರ ಏರುತ್ತಿತ್ತು, ಉಪ್ಪು ಸುರಿದಂತೆ, ಮೊದಲು ತೊಡೆಯ ಮೇಲೆ, ಆಮೇಲೆ ಹೊಟ್ಟೆ, ಆಮೇಲೆ ಕೊರಳು. ಕಣ್ಣು ಬಿಟ್ಟರೆ ದೇವರ ಕೋಣೆ. ಕೋಣೆ ಸಣ್ಣದೆಂದು ಹೀಗಾಗುತ್ತಿದೆ ಎಂದುಕೊಂಡು ಅಂಗಳದಲ್ಲಿ ಕೂತು ನೋಡಿದರು. ಹಾಡು ಹಗಲಲ್ಲಿ, ಕೋಳಿಗಳು ಓಡಾಡುವ ಅಂಗಳದಲ್ಲೂ ಗೋಡೆಗಳು ಬಂದವು. ಹೂತದ್ದು ಅವಳನ್ನಲ್ಲ, ತನ್ನನ್ನೇ ಎಂಬ ವಿಚಾರ ಅವರ ತಲೆಯಲ್ಲಿ ಹೊಕ್ಕಿತು. ಜನ ಮಾತಾಡಿಸಿದರೆ ಅವರಿಗೆ ಆಶ್ಚರ್ಯವಾಗುತ್ತಿತ್ತಂತೆ, ನಾನು ಇವರಿಗೆ ಕಾಣುತ್ತಿದ್ದೇನಲ್ಲ ಎಂದು. ಗಿರಣಿಯ ಪಟ್ಟೆ ತಿರುಗುವ ಸದ್ದಿನ ನಡುವೆ, ಹಿಂಬಾಗಿಲಿನಿಂದ, ಅತ್ತೆ ಊಟಕ್ಕೆ ಕರೆಯುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಸಣ್ಣ ಕೆಮ್ಮು ಕೇಳುತ್ತಿತ್ತು. ತಿರುಗಿ ನೋಡಿದರೆ ಬಿಸಿಲು.

ಎದೆಯಲ್ಲಿಟ್ಟುಕೊಂಡು ಎಷ್ಟು ದಿನ ಇರಲಾದೀತು? ಮಾವ ದಿನವೂ ಹೊಲಕ್ಕೆ ಹೋಗಿ ಸಮಾಧಿಯ ಪಕ್ಕ ನೆಲಕ್ಕೆ ಕಿವಿ ಹಚ್ಚಿ ಮಲಗುತ್ತಾರೆಂದು ಐಶ್ವರ್ಯಾ ಗಂಡನಿಗೆ ಹೇಳಿದಳು. ಮಹೇಶಕುಮಾರ ಕೂರಿಸಿಕೊಂಡು ಕೇಳಿದಾಗ ಮಾಮಾ ಎಲ್ಲ ಹೇಳಿದರು. ಮಗನಿಗೆ ಅದು ದೊಡ್ಡ ಸಂಗತಿ ಅನ್ನಿಸಲಿಲ್ಲ. ಹೊಸ ಲಿಂಗ ಕಟ್ಟಿಸಿಕೊಂಡರಾಯಿತು ಎಂದು ಮುರಿಗಯ್ಯನೋರನ್ನು ಕರೆತಂದ. ಅಯ್ಯನೋರು ಒಳ್ಳೆಯವರು, ಮಾಮಾನ ವಾರಿಗೆಯವರೇ. ಅವರೂ ಮೊದಲು ಸಮಾಧಾನವನ್ನೇ ಹೇಳಿದರು.

"ಲಿಂಗದ ಮ್ಯಾಲ ನಿಂದು ಅಕಿದು ಅಂತ ಹೆಸರು ಬರದಿರತದೇನು ಶಾಂತಲಿಂಗಪ್ಪ? ಎಲ್ಲಾ ಒಂದೇ ಶಿವ. ಹೊಸಾದು ಕಟ್ತೇನಿ, ತಗೋ."

ಮಾಮಾ ಅವರ ಮುಖವನ್ನೇ ನೋಡುತ್ತ ಕೇಳಿದರು. "ಎಲ್ಲಾ ಒಂದೇ ಅಂದ್ರ, ಹುಟ್ಟಿದಾಗಿಂದ ನನಗ ನೀವೆಲ್ಲಾ ಏನು ಹೇಳ್ಕೋತ ಬಂದ್ರಿ ಅಯ್ಯನೋರ? ಅದು ಮೈ ಬಿಟ್ರ ಜೀವಾ ಬಿಟ್ಟಂಗ ಅಂದ್ರಿ. ಈಗ ನಾ ಜೀವಂತ ಇದ್ದೇನೋ ಇಲ್ಲೋ, ಅದೊಂದು ಹೇಳ್ರಿ."

ಅಯ್ಯನೋರು, ಅತ್ತೆಯ ಲಿಂಗ ಯಾವ ಮಠದ್ದು, ಯಾವ ಗುರು ಕಟ್ಟಿದ್ದು ಎಂದು ತವರುಮನೆಯಲ್ಲಿ ಕೇಳಿಕೊಂಡು ಬರುವಂತೆ ಹೇಳಿದರು. ಗೊತ್ತಾದರೆ ಆ ಮಠದ ಪದ್ಧತಿಯಂತೆ ಅದನ್ನು ಸಮಾಧಿಗೆ ಸೇರಿಸಿ, ಮಾಮಾನಿಗೆ ಹೊಸದು ಕಟ್ಟಬಹುದೆಂದರು.

ಮಾಮಾನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ಮಧ್ಯಾಹ್ನ ಸರ್ದಾರನ ಮನೆಗೆ ಹೋಗಿ ಕುಣಿ ತೆರೆಯಬೇಕೆಂದು ಕೇಳಿದರು. ಸರ್ದಾರ ಕಟ್ಟಿಗೆ ಒಡೆಯುತ್ತಿದ್ದವನು ಕೊಡಲಿ ಕೆಳಗಿಟ್ಟ.

"ಸಾವುಕಾರ್ರ, ನೀವು ಹೇಳಿದ್ರ ಅಗೀತೇನಿ, ನನಗೇನು ಅಂಜಿಕಿಲ್ಲ," ಎಂದ. "ಆದ್ರ ಈಗ ಅಲ್ಲಿ ಕುಂತಾಕಿ ನೀವು ಕುಂದ್ರಿಸಿದಾಕಿ ಇರಂಗಿಲ್ಲ. ಅದನ್ನ ನೋಡಿದ ಮ್ಯಾಲ ನಿಮ್ಮ ಕಣ್ಣಾಗ ಅದೇ ಉಳೀತದ."

ಮಾಮಾ ಬರಿಗೈಯಲ್ಲಿ ಮರಳಿದರು. ಮರುದಿನ ಎರಡು ಬಸ್ಸು ಬದಲಿಸಿ ಕರಜಗಿಗೆ ನಮ್ಮ ಮನೆಗೆ ಬಂದರು.

ಬಾಗಿಲಲ್ಲಿ ಅವರನ್ನು ನೋಡಿ ನನಗೆ ಗುರುತು ಹತ್ತಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಕೈ ತೊಳೆಯಲು ನೀರು ಕೊಟ್ಟರೆ ಕೈಯ ಮೇಲೆ ನೀರು ಬೀಳುವುದನ್ನೇ ನೋಡುತ್ತ ನಿಂತರು. ಅಪ್ಪನಿಗೆ ಕೇಳಿದರೆ ಅವನಿಗೇನೂ ನೆನಪಿರಲಿಲ್ಲ. ಮನೆಯ ಹಿರಿಯರೆಲ್ಲ ಮಣ್ಣಾಗಿದ್ದರು. ಹೆಣ್ಣುಮಕ್ಕಳ ಲಿಂಗಧಾರಣೆ ಯಾವ ಅಯ್ಯ ಮಾಡಿದನೆಂದು ಯಾರು ನೆನಪಿಡುತ್ತಾರೆ ಎಂದ.

ಅಷ್ಟರಲ್ಲಿ ಹುಸೇನಬೀ ಬಂದಳು. ನಮ್ಮ ಹಿಂದಿನ ಓಣಿಯವಳು, ಅತ್ತೆಯ ಬಾಲ್ಯದ ಗೆಳತಿ. ಮೊಣಕಾಲು ನೋವೆಂದು ಮಣ್ಣಿಗೆ ಕೊಳಕೂರಿಗೆ ಬಂದಿರಲಿಲ್ಲ. ಮಾಮಾ ಬಂದದ್ದು ಕೇಳಿ ಮಾತಾಡಿಸಲು ಕೋಲೂರಿಕೊಂಡು ಬಂದಿದ್ದಳು. ಪಡಸಾಲೆಯಲ್ಲಿ ಕೂತು ಸ್ವಲ್ಪ ಅತ್ತಳು. ಮಾಮಾ ಯಾಕೆ ಬಂದರೆಂದು ಅಪ್ಪ ಹೇಳಿದಾಗ ಅವಳ ಅಳು ನಿಂತಿತು. ಮಾಮಾ ವಸ್ತ್ರ ಬಿಚ್ಚಿ ಲಿಂಗವನ್ನು ತೋರಿಸಿದರು. ಅವಳು ಮುಟ್ಟಲಿಲ್ಲ, ಬಾಗಿ ನೋಡಿದಳು. ಅಪ್ಪ ದನಕ್ಕೆ ನೀರು ತೋರಿಸಲು ಎದ್ದು ಹೋದ ಮೇಲೆ ಬಾಯಿ ಬಿಟ್ಟಳು.

"ಭಾವಾರ, ತಾ ಇರೂ ತನಕ ಯಾರ ಮುಂದೂ ಅನಬ್ಯಾಡ ಅಂತ ಅಕಿ ಆಣಿ ಹಾಕಿಸಿದ್ಲು. ಈಗ ಅಕೀನ ಇಲ್ಲ. ಇದನ್ನ ಯಾವ ಅಯ್ಯನೂ ಕಟ್ಟಿಲ್ರಿ. ಇದು ಭೀಮಾ ಹೊಳಿ ಕಲ್ಲು. ಆರಿಸಿದಾಕಿ ನಾನು."

ಅವಳು ಹೇಳಿದ್ದು ಇಷ್ಟು. ಅತ್ತೆಗೆ ಹನ್ನೊಂದೋ ಹನ್ನೆರಡೋ ವರ್ಷ. ಕೌದಿ ಒಗೆಯಲು ಬಂಡಿಯಲ್ಲಿ ಹೊಳೆಗೆ ಹೋದಾಗ, ಸೊಂಟದ ಮಟ್ಟ ನೀರಿನಲ್ಲಿ ಆಟವಾಡುತ್ತಿದ್ದ ಅತ್ತೆಯ ಕೊರಳಿನ ಶಿವದಾರ ಹರಿದು ಲಿಂಗ ನೀರುಪಾಲಾಯಿತು. ಇಬ್ಬರೂ ಹುಡುಗಿಯರು ಮುಳುಗಿ ಮುಳುಗಿ ಮಧ್ಯಾಹ್ನದ ತನಕ ತಡಕಿದರು. ಅತ್ತೆಯ ತುಟಿ ನೀಲಿಯಾಗಿತ್ತು, ಆದರೂ ನೀರು ಬಿಟ್ಟು ಬರಲೊಲ್ಲಳು. ಕೊನೆಗೆ ಅವಳನ್ನು ದಂಡೆಗೆ ತರಬೇಕೆಂದೇ ಹುಸೇನಬೀ ಮರಳಿನಿಂದ ಒಂದು ಕರಿಗಲ್ಲು ಆರಿಸಿ, ಸಿಕ್ಕಿತು ಸಿಕ್ಕಿತು ಎಂದು ಕೂಗಿದಳು. ಅದು ಲಿಂಗವಲ್ಲವೆಂದು ಕೈಗೆ ತೆಗೆದುಕೊಂಡ ಗಳಿಗೆಯಲ್ಲೇ ಅತ್ತೆಗೆ ಗೊತ್ತಾಯಿತು. ಮನೆಯಲ್ಲಿ ಅಜ್ಜಿಗೂ ಗೊತ್ತಾಯಿತು. ಆಗಲೇ ಮದುವೆಯ ಮಾತು ನಡೆದಿತ್ತು. ಲಿಂಗ ಕಳಕೊಂಡ ಹುಡುಗಿ ಎಂದು ಹೆಸರಾದರೆ ಯಾರು ಮಾಡಿಕೊಳ್ಳುತ್ತಾರೆ? ಊರಿನ ಅಯ್ಯನಿಗೆ ಹೇಳಿದರೆ ಊರಿಗೆಲ್ಲ ಹೇಳಿದಂತೆ. ಅಜ್ಜಿ ರಾಳಕ್ಕೆ ದೀಪದ ಮಸಿ ಕಲಸಿ ಕುದಿಸಿ ಆ ಕಲ್ಲಿಗೆ ಲೇಪ ಹಚ್ಚಿ, ವಸ್ತ್ರದಲ್ಲಿ ಸುತ್ತಿ ಮಗಳ ಕೊರಳಿಗೆ ಕಟ್ಟಿದಳು. ಹುಸೇನಬೀಗೆ ಬಾಯಿ ಬಿಡಬೇಡವೆಂದು ಹೇಳಿ ಸೆರಗಿನ ತುಂಬ ಶೇಂಗಾ ಕೊಟ್ಟು ಕಳಿಸಿದಳು.

"ಮದಿವಿ ಆಗಿ ಹೋಗೂ ಮುಂದ ಗಾಡ್ಯಾಗ ಕುಂತು ನನ್ನ ಕೈ ಹಿಡಕೊಂಡ್ಲು," ಎಂದಳು ಹುಸೇನಬೀ. "ಅವರ ಮನ್ಯಾಗ ಭಾಳ ನೇಮ ಅಂತ ಹುಸೇನಾ, ಗೊತ್ತಾದ್ರ ನನ್ನ ಕೈಯಾನ ನೀರೂ ಕುಡಿಯಂಗಿಲ್ಲ ಅಂದ್ಲು. ಹಬ್ಬಕ್ಕ ಬಂದಾಗೆಲ್ಲಾ ನಾನೇ ಕೇಳ್ತಿದ್ದೆ, ಹೇಳ್ದೀ ಏನು ಅಂತ. ಇಲ್ಲ ಅಂತಿದ್ಲು."

ಮಾಮಾ ಕಲ್ಲನ್ನು ಸುತ್ತಿ ಕೊರಳಿಗೆ ಹಾಕಿಕೊಂಡು ಹೊರಗೆ ಹೋಗಿ ಬೇವಿನ ಗಿಡದ ಬುಡದಲ್ಲಿ ಕೂತರು. ನಾನು ಚಹಾ ಒಯ್ದಾಗ ಅವರು ಕುಡಿಯದೆ ನನಗೊಂದು ಸಂಗತಿ ಹೇಳಿದರು. ಮಹೇಶ ಇನ್ನೂ ತೊಟ್ಟಿಲಲ್ಲಿದ್ದಾಗ ನಡೆದದ್ದು. ಅವರ ಓಣಿಯ ಒಬ್ಬ ಸೊಸೆ ಲಿಂಗ ಕಳಕೊಂಡು ಎಷ್ಟೋ ದಿನ ಮುಚ್ಚಿಟ್ಟಿದ್ದಳೆಂದು ಸುದ್ದಿಯಾಗಿತ್ತು. ಆ ಹುಡುಗಿ ಒಂದು ದಿನ ಏನೋ ಕೆಲಸಕ್ಕೆ ಮನೆಗೆ ಬಂದಾಗ, ಬಾಯಾರಿ ಬಂದಿದ್ದ ಮಾಮಾನಿಗೆ ತಂಬಿಗೆಯಲ್ಲಿ ನೀರು ಕೊಟ್ಟಳು. ಅವರು ಆ ನೀರನ್ನು ಅವಳೆದುರಿಗೇ ಅಂಗಳಕ್ಕೆ ಚೆಲ್ಲಿದರು. ಲಿಂಗವಿಲ್ಲದ ಮೈ ಹೆಣವೆಂದೂ, ಅಂಥವರಿಗೆ ಏಳು ಜನ್ಮಕ್ಕೂ ಮುಕ್ತಿಯಿಲ್ಲವೆಂದೂ ಪ್ರವಚನದಲ್ಲಿ ಕೇಳಿದ್ದನ್ನೆಲ್ಲ ಹೇಳಿದರು. ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಳಗಿನಿಂದ ಬೇರೆ ನೀರು ತಂದುಕೊಟ್ಟಳು. ಅವರು ಕುಡಿದರು.

"ಅಕಿ ಕೈ ನಡುಗಾಕತ್ತಿತ್ತು," ಎಂದರು ಮಾಮಾ. "ಜ್ವರ ಬಂದಾವೇನು ಅಂತ ಕೇಳ್ದೆ. ಹೌದ್ರಿ ಅಂದ್ಲು."

ಆ ರಾತ್ರಿ ಅವರು ನಮ್ಮಲ್ಲೇ ಉಳಿದರು. ಬೆಳಗ್ಗೆ ಕೊಳಕೂರಿಗೆ ಹೋಗಲು ಮನಸ್ಸು ಮಾಡಲಿಲ್ಲ. ಮುರಿಗಯ್ಯನೋರಿಗೆ ಹೋಗಿ ಏನು ಹೇಳಬೇಕು? ಯಾವ ಮಠದ್ದೂ ಅಲ್ಲ, ಹೊಳೆಯದ್ದು ಎಂದೇ? ಹೇಳಿದರೆ ಸತ್ತವಳ ಹೆಸರು ಊರಿನ ಬಾಯಿಗೆ ಬೀಳುತ್ತದೆ. ಆಳಂದ ತಾಲೂಕಿನ ಒಂದು ಹಳ್ಳಿಯ ಮಠದಲ್ಲಿ ವಯಸ್ಸಾದ ಸ್ವಾಮಿಗಳಿದ್ದಾರೆ, ಪ್ರವಚನ ಹೇಳುವವರಲ್ಲ, ಮಾತೇ ಕಡಿಮೆ ಎಂದು ಅಪ್ಪ ಹೇಳಿದ. ಮಾಮಾನನ್ನು ಒಬ್ಬರನ್ನೇ ಕಳಿಸಲು ಧೈರ್ಯವಾಗದೆ ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವರು ದಾರಿಯುದ್ದಕ್ಕೂ ಎದೆಯ ಮೇಲಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

ಸ್ವಾಮಿಗಳಿಗೆ ಕಣ್ಣು ಮಂದವಾಗಿತ್ತು. ಮಠದ ಹಿತ್ತಲಲ್ಲಿ ಹೊರಸಿನ ಮೇಲೆ ಬಿಸಿಲಿಗೆ ಕೂತಿದ್ದರು. ಮಾಮಾ ನೆಲದ ಮೇಲೆ ಕೂತು ಮೊದಲಿನಿಂದ ಕೊನೆಯ ತನಕ ಹೇಳಿದರು. ಚೆಲ್ಲಿದ ನೀರನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಗುತ್ತ ಬಂತು. ಕೊನೆಗೆ ತಮ್ಮ ಬೇಡಿಕೆ ಇಟ್ಟರು. ಹೊಸ ಲಿಂಗ ಬೇಡ. ಈ ಕಲ್ಲನ್ನೇ ಲಿಂಗ ಮಾಡಿ ಕಟ್ಟಬೇಕು.

ಸ್ವಾಮಿಗಳು ಕಲ್ಲನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಸವರಿ ನೋಡಿದರು. "ಇದನ್ನ ಅಕಿ ಎಷ್ಟು ವರ್ಷ ಪೂಜಿ ಮಾಡಿದ್ಲು?"

"ಐವತ್ತರ ಮ್ಯಾಲ ಆಗ್ತಾವ್ರಿ ಅಪ್ಪಾರ."

"ನೀ ಬಂದಿದ್ದು ನಿನ್ನ ಮುಕ್ತಿ ಸಲುವಾಗೋ, ಅಕಿದರ ಸಲುವಾಗೋ?"

ಮಾಮಾ, "ತಿಳಿಯವಲ್ದುರಿ," ಎಂದರು. "ಅಕಿ ಕೈಯಾಗ ಗುರು ಕೊಟ್ಟ ಲಿಂಗ ಅದ. ಅಕಿಗೆ ಮುಕ್ತಿ ಸಿಕ್ಕಿರಬೇಕು. ಅಷ್ಟಾದ್ರೂ ಖರೇ ಏನ್ರಿ?"

ಸ್ವಾಮಿಗಳು ನೀರು ತರಿಸಿ, ಕಲ್ಲನ್ನು ತೊಳೆದು, ವಿಭೂತಿ ಹಚ್ಚಿ ಮಾಮಾನ ಅಂಗೈಯಲ್ಲಿಟ್ಟರು. ಅವರ ತಲೆಯ ಮೇಲೆ ಕೈಯಿಟ್ಟು ಕಿವಿಯಲ್ಲಿ ಮಂತ್ರ ಹೇಳಿದರು. ಎಲ್ಲ ಮುಗಿದ ಮೇಲೆ ಹೊರಸಿಗೆ ಒರಗಿ, "ನಾ ಮಾಡಿದ್ದು ಸರಿ ಅಂತ ನಾಕು ಮಂದಿ ಒಪ್ಪಂಗಿಲ್ಲಪ್ಪ," ಎಂದರು. "ನನಗೂ ಇದು ಸರಿ ಅಂತ ಖಾತ್ರಿ ಇಲ್ಲ. ಆದ್ರ ಇಷ್ಟು ವರ್ಷ ಒಬ್ಬಾಕಿ ಕೈಯಾಗ ಇದ್ದದ್ದನ್ನ ಬರೇ ಕಲ್ಲು ಅನ್ನಾಕ ನನ್ನ ಬಾಯಿ ಬರವಲ್ದು."

ಊರಿಗೆ ಮರಳಿದ ಮೇಲೆ ಮಾಮಾ ಮುರಿಗಯ್ಯನೋರಿಗೆ, ಆಳಂದದ ಕಡೆಯ ಸ್ವಾಮಿಗಳು ದೀಕ್ಷೆ ಕೊಟ್ಟರೆಂದು ಮಾತ್ರ ಹೇಳಿದರು. ಅಯ್ಯನೋರು ಹೆಚ್ಚು ಕೆದಕಲಿಲ್ಲ. ಮಹೇಶಕುಮಾರನಿಗೆ ಎಲ್ಲ ಸರಿಹೋಯಿತೆಂದು ಸಮಾಧಾನವಾಯಿತು. ನೋಡುವವರಿಗೂ ಹಾಗೆಯೇ ಕಂಡಿತು. ಮಾಮಾ ಉಣ್ಣತೊಡಗಿದರು, ಗಿರಣಿಗೆ ಹೋಗತೊಡಗಿದರು, ಹೊಲದಲ್ಲಿ ನೆಲಕ್ಕೆ ಕಿವಿ ಹಚ್ಚುವುದು ನಿಂತಿತು. ಪ್ರವಚನಕ್ಕೆ ಕರೆಯಲು ಬಂದವರಿಗೆ ಮಾತ್ರ ಮೈಯಲ್ಲಿ ಆರಾಮವಿಲ್ಲ ಎನ್ನುತ್ತಾರೆ. ನೀರು ಚೆಲ್ಲಿಸಿಕೊಂಡ ಆ ಓಣಿಯ ಸೊಸೆಯನ್ನು ಹುಡುಕಿಕೊಂಡು ಹೋಗಿದ್ದರಂತೆ. ಅವಳು ಎಂದೋ ಗಂಡನೊಡನೆ ಸೊಲ್ಲಾಪುರದ ಕಡೆ ಹೋದವಳು, ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿಲ್ಲ.

ಕಳೆದ ದೀಪಾವಳಿಯ ಮರುವಾರ ನಾನು ಕೊಳಕೂರಿಗೆ ಹೋಗಿದ್ದೆ. ಬೆಳಗ್ಗೆ ಐಶ್ವರ್ಯಾ ಅಡುಗೆಮನೆಯಲ್ಲಿದ್ದಳು, ಮಾಮಾ ಪಡಸಾಲೆಯಲ್ಲಿ ಪೂಜೆಗೆ ಕೂತಿದ್ದರು. ಈಗ ಅವರದು ದೀರ್ಘ ಪೂಜೆಯಲ್ಲ. ಆದರೆ ಪೂಜೆ ಮುಗಿದ ಮೇಲೂ ಅಂಗೈ ತೆರೆದುಕೊಂಡೇ ಕೂತಿರುತ್ತಾರೆ, ಕಣ್ಣು ಬಾಗಿಲ ಕಡೆ. ನಾನು ಪಕ್ಕದಲ್ಲಿ ಹೋಗಿ ಕೂತೆ. ಮಣ್ಣಿನ ಗೋಡೆಗಳು ಈಗಲೂ ಬರುತ್ತವೆಯೇ ಎಂದು ಕೇಳಿದೆ. ಇಲ್ಲವೆಂದರು. ಆಳಂದದಿಂದ ಬಂದ ದಿನವೇ ಅವು ಹೋದವಂತೆ. ಅತ್ತೆಯ ಕೆಮ್ಮೂ ಕೇಳುವುದಿಲ್ಲವಂತೆ. ನಾನು ಸಮಾಧಾನದ ಮಾತು ಏನೋ ಆಡಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

"ಈಗ ಒಂದು ಹುಡುಗಿ ಬರತದ ಯವ್ವಾ," ಎಂದರು. "ಲಂಗಾ ಎಲ್ಲಾ ತೊಯ್ದಿರತದ. ಅಲ್ಲಿ, ಹೊಸ್ತಿಲದಾಗ. ನನ್ನ ಕಡೆ ನೋಡಂಗಿಲ್ಲ. ನೆಲಾ ನೋಡಕೋತ ಏನೋ ಹುಡುಕತದ, ಕೈಲೆ ತಡಕತದ. ಅಕಿ ಹೆಂಡತಿ ಆಗಿ ಬಂದಿದ್ರ ಮಾತಾಡತಿದ್ದೆ, ತಪ್ಪಾತು ಅಂತಿದ್ದೆ. ಅಷ್ಟು ಸಣ್ಣಾಕಿ ಇದ್ದಾಗ ನಾ ಅಕಿನ್ನ ನೋಡೇ ಇಲ್ಲ. ಆ ಕೂಸಿಗೆ ನಾ ಯಾರು?"

ಅವರು ಅಂಗೈಯನ್ನು ಬಾಗಿಲ ಕಡೆ ಸ್ವಲ್ಪ ಚಾಚಿದರು, ಅದರಲ್ಲಿನ ಕಲ್ಲು ಕಾಣುವಂತೆ. ದಿನವೂ ಹೀಗೆ ತೋರಿಸುತ್ತಾರಂತೆ, ಇಲ್ಲಿ ಅದ ಬಾ, ಸಿಕ್ಕಿತು ಬಾ ಎಂದು ಕರೆಯುತ್ತಾರಂತೆ. ಅವಳಿಗೆ ಕೇಳಿಸುವುದಿಲ್ಲ.

ನಾನು ಹೊಸ್ತಿಲ ಕಡೆ ನೋಡಿದೆ. ಐಶ್ವರ್ಯಾ ಬೆಳಗ್ಗೆ ಹಾಕಿದ ರಂಗೋಲಿ ಹಾಗೆಯೇ ಇತ್ತು, ನೆಲ ಒಣಗಿತ್ತು. ಮಾಮಾ ಮಾತ್ರ ಕೈ ಹಿಂದಕ್ಕೆ ತೆಗೆದುಕೊಳ್ಳದೆ, ದನಿ ಇಳಿಸಿ, ಹೆದರಿದ ಮಗುವನ್ನು ಕರೆಯುವಂತೆ ಕರೆಯುತ್ತಲೇ ಇದ್ದರು.